ಕನ್ನಡಕದ ಡಬ್ಬಿಯೊಳಗಿನ ವೇಗ

ನಮ್ಮ ಭಾವ ಕೆಲಸ ಮಾಡುವುದು ಆಫೀಸಿನ ಆವಕ ವಿಭಾಗದಲ್ಲಿ. ಹೊರಗಿನಿಂದ ಬಂದ ಪತ್ರಕ್ಕೆ ಮುದ್ರೆ ಒತ್ತಿ ಪಕ್ಕದ ಮೇಜಿಗೆ ಸಾಗಿಸುವುದು ಅವರ ಕೆಲಸ. ಪಕ್ಕದ ಮೇಜು ಕೈಚಾಚಿದರೆ ಸಿಗುತ್ತದೆ. ಆದರೂ ಪತ್ರ ಅಲ್ಲಿಗೆ ತಲುಪಲು ವಾರ ಹಿಡಿಯುತ್ತದೆ. ಕೇಳಿದರೆ, "ಮಸಿ ಒಣಗಬೇಡ್ವೇನಯ್ಯಾ?" ಎನ್ನುತ್ತಾರೆ. ಇಂಥ ಪುಣ್ಯಾತ್ಮನಿಗೆ ಇದ್ದಕ್ಕಿದ್ದಂತೆ ವೇಗದ ಹುಚ್ಚು ಹಿಡಿಯಿತು.

ಹಿಡಿಯಲು ಕಾರಣ ನಮ್ಮಕ್ಕ. ಅಕ್ಕ ಎಂಬ್ರಾಯ್ಡರಿ ಮೆಷಿನ್ನಿಗೆ ಡಿಸೈನ್ ಮಾಡುತ್ತಾಳೆ. ಹೂವೋ, ಆನೆಯೋ, ಮೊಲವೋ, ಕಂಪ್ಯೂಟರಿನಲ್ಲಿ ಒಂದೊಂದು ಹೊಲಿಗೆಯನ್ನೂ ಜೋಡಿಸಿ ಕೊಡುತ್ತಾಳೆ. ಮೆಷಿನ್ನು ಅದನ್ನು ಓದಿಕೊಂಡು ಬಟ್ಟೆಯ ಮೇಲೆ ಹೊಲಿಯುತ್ತದೆ. ಇಷ್ಟು ದಿನ ಬೀದಿಯ ಟೈಲರುಗಳಿಗೆ ಮಾಡುತ್ತಿದ್ದಳು. ಈಗ ಮಕ್ಕಳ ಉಡುಪಿನ ಫ್ಯಾಕ್ಟರಿಯೊಂದರ ಮ್ಯಾನೇಜರಮ್ಮ ಇವಳ ಕೆಲಸ ನೋಡಿ ಮೆಚ್ಚಿ ಫೋನ್ ಮಾಡಿದ್ದರು. "ಮುಂದಿನ ಭಾನುವಾರ ಮನೆಗೇ ಬರ್ತೀನಿ. ನಾನು ಹೇಳಿದ ಬದಲಾವಣೆ ಕಣ್ಣೆದುರೇ ಮಾಡಿ ತೋರಿಸ್ಬೇಕು. ನಾಳೆ ಕೊಡ್ತೀನಿ ಅನ್ನೋವ್ರು ನನ್ನ ಹತ್ರ ಬೇಕಾದಷ್ಟು ಜನ ಇದ್ದಾರೆ" ಎಂದಿದ್ದರು. ಒಪ್ಪಿದರೆ ಫ್ಯಾಕ್ಟರಿಯ ಪೂರ್ತಿ ಡಿಸೈನ್ ಕೆಲಸ ಅಕ್ಕನದು. ಮಂಚಕ್ಕೂ ಬೀರುವಿಗೂ ನಡುವೆ ಮೊಣಕಾಲು ಮಡಚಿ ಕೂರುವ ಜಾಗ ಬಿಟ್ಟು, ಬೀದಿ ಕಡೆ ಕಿಟಕಿಯಿರುವ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿಯಬೇಕೆಂಬುದು ಅವಳ ಬಹಳ ದಿನದ ಆಸೆ.

ತೊಂದರೆಯೆಂದರೆ ಕಂಪ್ಯೂಟರು. ಅಕ್ಕ ಅದರ ಗುಂಡಿ ಒತ್ತಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ತೊಳೆದು, ಒರೆಸಿ, ಜೋಡಿಸಿಟ್ಟು ಬರುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಮೊಲದ ಡಿಸೈನ್ ತೆರೆ ಎಂದರೆ ಮೊದಲು ಒಂದು ಕಿವಿ ಬರುತ್ತಿತ್ತು. ಇನ್ನೊಂದು ಕಿವಿಗೆ ಕಾಯಬೇಕಿತ್ತು.

"ಭಾನುವಾರದೊಳಗೆ ಇದನ್ನ ಹಾರೋ ಹಾಗೆ ಮಾಡ್ತೀನಿ. ಮಾಡ್ಲಿಲ್ಲಾ ಅಂದ್ರೆ ನನ್ನ ಹೆಸರು ಬದಲಾಯಿಸು" ಎಂದು ಭಾವ ಘೋಷಿಸಿದರು.

"ಹೆಸರು ಬೇಡ, ಮೊದಲು ಬಾತ್ರೂಮಿನ ಬಲ್ಬು ಬದಲಾಯ್ಸಿ" ಎಂದಳು ಅಕ್ಕ.

ಭಾವ ಬಲ್ಬು ಬದಲಾಯಿಸಲಿಲ್ಲ. ಹಳೇ ಡಿಸ್ಕಿನ ಬದಲಿಗೆ ಹಾಕಲು ಆನ್‌ಲೈನಿನಲ್ಲಿ ಒಂದು ಡ್ರೈವ್ ತರಿಸಿದರು. ಎನ್‌ವಿಎಂಇ ಅಂತ ಅದರ ಜಾತಿ. ಅಗಲ ಎರಡು ಬೆರಳು, ಉದ್ದ ಒಂದು ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು. ಡಬ್ಬದ ಮೇಲೆ ಸೆಕೆಂಡಿಗೆ ಏಳು ಸಾವಿರ ಎಂಬಿ ಎಂದು ದಪ್ಪಕ್ಷರದಲ್ಲಿತ್ತು. ಭಾವ ಆ ಡಬ್ಬವನ್ನು ಆಫೀಸಿಗೆ ಒಯ್ದು ಊಟದ ಹೊತ್ತಿನಲ್ಲಿ ಎಲ್ಲರಿಗೂ ತೋರಿಸಿದರು. ಮರುದಿನ ಸಾಹೇಬರು ಕರೆಸಿದರಂತೆ. "ಏನ್ರೀ, ನಿಮಗೆ ಕಂಪ್ಯೂಟರಿನ ಒಳಗೆಲ್ಲಾ ಗೊತ್ತಂತೆ? ನಮ್ಮ ಆಫೀಸಿನವು ಸತ್ತ ಹಾಗೆ ಬಿದ್ದಿವೆ. ಸೋಮವಾರದಿಂದ ನೀವೇ ನೋಡ್ಕೊಳ್ಳಿ" ಎಂದರಂತೆ. ಭಾವ ಸಂಜೆ ಮನೆಗೆ ಬಂದಾಗ ಎದೆ ಒಂದು ಗೇಣು ಮುಂದಿತ್ತು. ನಾನು ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು, ಅವರ ಮನೆಯ ಮಹಡಿ ಕೋಣೆಯಲ್ಲೇ ಇರುವವನು. ಎದೆ ಉಬ್ಬಿಸುವುದನ್ನು ಮಕ್ಕಳಿಗೆ ಕಲಿಸುವವನೇ ನಾನಾದರೂ ಆ ಮಟ್ಟದ ಎದೆಯನ್ನು ಅದುವರೆಗೆ ನೋಡಿರಲಿಲ್ಲ.

ಅಕ್ಕ ಮಾರ್ಕೆಟ್ಟಿಗೆ ಹೋದ ಹೊತ್ತು ನೋಡಿ ಶಸ್ತ್ರಚಿಕಿತ್ಸೆ ಶುರುವಾಯಿತು. ನಾನು ಟಾರ್ಚು ಹಿಡಿದೆ. ಭಾವ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದರು. ಒಳಗೆ ಧೂಳು ಕಂಬಳಿಯ ಹಾಗೆ ಕೂತಿತ್ತು. ಬಾಯಲ್ಲಿ ಊದಿದರು, ಇಬ್ಬರೂ ಸೀನಿದೆವು. ಹಳೇ ಸೀರೆಯ ತುಂಡಿನಲ್ಲಿ ಒರೆಸಿದರು. ಫ್ಯಾನಿನೊಳಗಿಂದ ಒಂದು ಹಿಡಿ ಧೂಳಿನ ಉಂಡೆ ತೆಗೆದರು. ಆಮೇಲೆ ಸಿಕ್ಕ ವೈರುಗಳನ್ನೆಲ್ಲಾ ಕಿತ್ತು ಮದರ್‌ಬೋರ್ಡಿನ ಮೇಲೆ ಡ್ರೈವಿಗೆ ಜಾಗ ಹುಡುಕತೊಡಗಿದರು.

ಜಾಗ ಇರಲಿಲ್ಲ. ಉದ್ದನೆಯ ಸಂದಿಯಲ್ಲಿ ಇಟ್ಟರೆ ಅಲುಗಾಡಿತು. ಗಿಡ್ಡನೆಯದರಲ್ಲಿ ಇಟ್ಟರೆ ಹೊರಗೆ ಉಳಿಯಿತು. ಅಡ್ಡ ಇಟ್ಟರು, ತಿರುಗಿಸಿ ಇಟ್ಟರು, ಕೊನೆಗೆ ಸುಮ್ಮನೆ ಬೋರ್ಡಿನ ಮೇಲೆ ಮಲಗಿಸಿ, "ಹೀಗೇ ಬಿಟ್ಟರೆ?" ಎಂದು ನನ್ನನ್ನು ಕೇಳಿದರು.

ನಾನು ಹೇಳಿದೆ, "ಭಾವ, ಇದನ್ನ ಜೋಡಿಸಿಕೊಟ್ಟ ರಿಪೇರಿ ಅಂಗಡಿಯಣ್ಣನಿಗೆ ಫೋನ್ ಮಾಡಿ."

ಅಂಗಡಿಯಣ್ಣ ಫೋನಿನಲ್ಲೇ ನಕ್ಕ. "ಸಾರ್, ನಿಮ್ಮದು ಓಬೀರಾಯನ ಕಾಲದ ಬೋರ್ಡು. ಅದಕ್ಕೆ ಗೊತ್ತಿರೋದು ಸಾಟಾ ಅನ್ನೋ ಹಳೇ ವೈರೊಂದೇ. ಈ ಡ್ರೈವ್ ಕೂರೋ ಸ್ಲಾಟೇ ಅದರಲ್ಲಿ ಇಲ್ಲ. ಹೊಸ ಬೋರ್ಡು ಬೇಕು."

"ಹಾಗಾದ್ರೆ ಬೋರ್ಡು ಒಂದು ಕೊಡಿ."

"ಬೋರ್ಡು ಹೊಸದಾದ್ರೆ ಹಳೇ ಪ್ರೊಸೆಸರ್ ಕೂರಲ್ಲ, ಹೊಸದು ಬೇಕು. ಹಳೇ ರ‍್ಯಾಮೂ ಕೂರಲ್ಲ. ಪವರ್ ಸಪ್ಲೈ ಸಾಲಲ್ಲ. ಡಬ್ಬಾನೂ ಒಂದು ನೋಡ್ಬೇಕಾಗುತ್ತೆ."

"ಹಳೇದ್ರಲ್ಲಿ ಏನು ಉಳಿಯುತ್ತೆ?"

"ಕೀಬೋರ್ಡ್ ಉಳಿಯುತ್ತೆ ಸಾರ್."

ಲಾಳ ಸಿಕ್ಕಿತೆಂದು ಕುದುರೆ ಕೊಳ್ಳಲು ಹೊರಟವನ ಗಾದೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಆ ಮನುಷ್ಯನ ಮುಖವನ್ನು ಪ್ರತ್ಯಕ್ಷ ನೋಡಿದ್ದು ಆ ದಿನ. ಅಷ್ಟರಲ್ಲಿ ಗೇಟಿನ ಚಿಲಕ ಸದ್ದಾಯಿತು. ಅಕ್ಕ ಬಂದಳು! ಭಾವ ಕಿತ್ತ ವೈರುಗಳನ್ನು ಗಡಬಡಿಸಿ ಸಿಕ್ಕಿಸತೊಡಗಿದರು. ಹಳೇ ಡಿಸ್ಕಿನ ವೈರು ಕೈಯಲ್ಲಿ ಉಳಿಯಿತು. ಬೋರ್ಡಿನ ಅಂಚಿನಲ್ಲಿ ಎರಡು ನೀಲಿ ಸಾಕೆಟ್ಟು, ಎರಡು ಬಿಳಿ ಸಾಕೆಟ್ಟು.

"ಇದು ಎಲ್ಲಿತ್ತಯ್ಯಾ?"

"ನೀಲೀಲಿ ಇತ್ತು ಅಂತ ಕಾಣುತ್ತೆ ಭಾವ."

"ಯಾವುದಾದ್ರೇನು, ಎಲ್ಲಾ ಅಷ್ಟೇ ಅಗಲ ಇವೆ" ಎಂದು ಹತ್ತಿರವಿದ್ದ ಬಿಳಿಗೆ ಚುಚ್ಚಿ ತಗಡು ಮುಚ್ಚಿದರು. ಹೊಸ ಡ್ರೈವನ್ನು ಎಲ್ಲಿಡುವುದೆಂದು ತೋಚದೆ ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದು ಅದರೊಳಗೆ ಹಾಕಿದರು. ಕನ್ನಡಕ ಬರೀ ಜೇಬಿಗೆ ಹೋಯಿತು.

ಅಕ್ಕ ಚೀಲ ಕೆಳಗಿಟ್ಟು ಕಂಪ್ಯೂಟರಿನ ಗುಂಡಿ ಒತ್ತಿ, ಎಂದಿನಂತೆ ಅಡುಗೆಮನೆಗೆ ಹೊರಟಳು. ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಟಣ್ ಎಂದಿತು. ತಿರುಗಿ ನೋಡಿದಳು. ಪರದೆ ಸಿದ್ಧವಾಗಿ ಕೂತಿತ್ತು. ಮೊಲ ತೆರೆದಳು. ಎರಡೂ ಕಿವಿ ಒಟ್ಟಿಗೆ ಬಂದವು.

"ರೀ!" ಎಂದು ಅಕ್ಕ ಕೂಗಿದಳು. "ಏನ್ರೀ ಮಾಡಿದ್ರಿ? ಹಾರ್ತಿದೆಯಲ್ರೀ ಇದು!" ಎಂದು ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿ ನಕ್ಕಳು. ಅಷ್ಟು ಬಾಯ್ತುಂಬ ಅವಳು ನಕ್ಕಿದ್ದನ್ನು ನಾನು ನೋಡಿ ಬಹಳ ಕಾಲವಾಗಿತ್ತು.

ಭಾವ ಬಾಯಿ ತೆರೆದರು. ನಿಜ ಹೇಳಲೆಂದೇ ತೆರೆದರು, ಇದಕ್ಕೆ ನಾನು ಸಾಕ್ಷಿ. ಆದರೆ ಬಾಯಿಂದ ಬಂದದ್ದು, "ಅದೇ... ಹೊಸ ಡ್ರೈವು."

ಅಲ್ಲಿಂದ ಗ್ರಹಚಾರ ಶುರುವಾಯಿತು.

ಅಕ್ಕ ಆ ಸಂತೋಷವನ್ನು ಮನೆಯೊಳಗೆ ಇಟ್ಟುಕೊಳ್ಳುವವಳಲ್ಲ. ಮರುದಿನ ಬೆಳಗ್ಗೆ ಪಕ್ಕದ ಮನೆಯ ಸ್ಟೇಷನ್ ಮಾಸ್ಟರು ಕಾಂಪೌಂಡಿನ ಮೇಲಿಂದ ಇಣುಕಿದರು. ರಿಟೈರಾದವರು. ಯಾವ ವಸ್ತು ಯಾರಿಗೆ ಬೇಡವಾಗುತ್ತದೋ ಅದು ಅವರಿಗೆ ಬೇಕಾಗುತ್ತದೆ. ನಮ್ಮ ಹಳೇ ಮಿಕ್ಸಿ, ಹಳೇ ಕೊಡೆ, ಹಳೇ ಬಾಗಿಲು ಎಲ್ಲಾ ಈಗ ಅವರ ಮನೆಯಲ್ಲೇ ಇವೆ.

"ಹೊಸ ಡ್ರೈವ್ ಹಾಕಿಸಿದ್ರಂತೆ? ಸಂತೋಷ. ಹಳೇ ಡಿಸ್ಕು ಏನು ಮಾಡ್ತೀರಿ?" ಎಂದರು.

"ಅದು... ಇದೆ" ಎಂದರು ಭಾವ. ಅದು ನಿಜವೇ ಆಗಿತ್ತು.

"ನಿಮಗೇನು ಕೆಲಸ ಅದರದ್ದು? ನನಗೆ ಕೊಡಿ. ಟೀವಿಗೆ ಸಿಕ್ಕಿಸಿ ಹಳೇ ಹಾಡು ನೋಡ್ತೀನಿ."

"ಅಯ್ಯೋ, ಕೊಡ್ರೀ, ಪಾಪ" ಎಂದು ಒಳಗಿನಿಂದ ಅಕ್ಕ ಉದಾರವಾಗಿ ಹೇಳಿದಳು.

ಕೊಟ್ಟರೆ ಅಕ್ಕನ ಡಿಸೈನುಗಳೆಲ್ಲಾ ಪಕ್ಕದ ಮನೆ ಸೇರುತ್ತವೆ, ಕೊಡದಿದ್ದರೆ ಕಾರಣ ಹೇಳಬೇಕು. ಭಾವ ಮಧ್ಯಾಹ್ನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ರಿಪೇರಿ ಅಂಗಡಿಗೆ ಹೋದರು. ಒಂದು ಸೆಕೆಂಡ್‌ಹ್ಯಾಂಡ್ ಡಿಸ್ಕು ಕೊಂಡು, ಇದೇ ನಮ್ಮ ಹಳೇದು ಎಂದು ಸ್ಟೇಷನ್ ಮಾಸ್ಟರಿಗೆ ಕೊಡುವ ಉಪಾಯ. ಅಂಗಡಿಯಣ್ಣ ಯಾರೋ ಗಿರಾಕಿಯ ಜತೆ ಫೋನಿನಲ್ಲಿ ಜಗಳವಾಡುತ್ತಿದ್ದ. "ಆ ಪೆಟ್ಟಿಗೇಲಿ ಇವೆ, ಯಾವುದಾದ್ರೂ ಒಂದು ತಗೊಳ್ಳಿ ಸಾರ್" ಎಂದು ಕೈ ತೋರಿಸಿದ. ಭಾವ ಕನ್ನಡಕ ತೆಗೆದರು. ಡಬ್ಬಿಯಿಲ್ಲದೆ ಬರೀ ಜೇಬಿನಲ್ಲಿ ಬಸ್ ಹತ್ತಿದ್ದ ಕನ್ನಡಕದ ಒಂದು ಕಾಲು ಮುರಿದು, ಒಂದು ಗಾಜು ಹೊರಬಿದ್ದಿತ್ತು. ಬರಿಗಣ್ಣಿನಲ್ಲಿ ತಡಕಾಡಿ ಒಂದು ಡಿಸ್ಕು ಎತ್ತಿಕೊಂಡರು. ಪೆಟ್ಟಿಗೆಯಿಂದ ಎತ್ತಿದರೋ ಪೆಟ್ಟಿಗೆಯ ಪಕ್ಕದಿಂದ ಎತ್ತಿದರೋ ನಾನು ನೋಡಲಿಲ್ಲ. ನಾನು ಆ ಜಗಳ ಕೇಳುತ್ತಿದ್ದೆ, ಚೆನ್ನಾಗಿತ್ತು.

ಡಿಸ್ಕು ಸ್ಟೇಷನ್ ಮಾಸ್ಟರಿಗೆ ಸಂದಾಯವಾಯಿತು. ಭಾವ ನಿಟ್ಟುಸಿರು ಬಿಟ್ಟರು. ವಾರ ಮುಗಿದು ಶನಿವಾರ ಸಂಜೆಯಾಯಿತು. ಮರುದಿನ ಮ್ಯಾನೇಜರಮ್ಮ ಬರುವವರು.

ಆ ಸಂಜೆ ಸ್ಟೇಷನ್ ಮಾಸ್ಟರು ನನ್ನನ್ನು ಸನ್ನೆ ಮಾಡಿ ಕರೆದರು. ಮುಖ ಗಂಭೀರ. ಒಳಗೆ ಅವರ ಹೆಂಡತಿ ಮತ್ತು ಎದುರು ಮನೆಯ ನರ್ಸಮ್ಮ ಕೂತಿದ್ದರು. ಟೀವಿಯಲ್ಲಿ ದೊಡ್ಡದಾಗಿ ಒಬ್ಬ ಹೆಂಗಸು, ಇಬ್ಬರು ಮಕ್ಕಳು. ಮಕ್ಕಳು ಜಾರುಬಂಡೆಯಲ್ಲಿ. ಮಕ್ಕಳು ಐಸ್‌ಕ್ರೀಮ್ ಮೆತ್ತಿಕೊಂಡು. ಹೆಂಗಸು ಸಮುದ್ರದ ಮುಂದೆ ನಿಂತು ನಗುತ್ತ.

"ಹಾಡು ಅಂತ ತೆಗೆದೆ, ಈ ರಾಮಾಯಣ ಬಂತು" ಎಂದರು ಮಾಸ್ಟರು. "ಯಾರು ಇವರು?"

"ನನಗೇನು ಗೊತ್ತು?"

"ನಿಮ್ಮ ಭಾವನ ಡಿಸ್ಕಿನಲ್ಲಿ ಇದ್ದಾರೆ. ನೋಡಿ, ಒಂದು ಫೋಟೋದಲ್ಲೂ ಗಂಡಸಿಲ್ಲ. ಅಂದ್ರೆ ಅರ್ಥ ಏನು?"

"ಗಂಡ ಇಲ್ಲ ಅಂತ" ಎಂದರು ಅವರ ಹೆಂಡತಿ.

"ಅಲ್ಲ ಕಣೇ! ಗಂಡಾನೇ ಫೋಟೋ ತೆಗೀತಿದ್ದಾನೆ ಅಂತ." ಮಾಸ್ಟರು ಎದ್ದು ಕೋಲು ಹಿಡಿದು ಪರದೆಯ ಮೂಲೆಗೆ ತಟ್ಟಿದರು. "ಇಲ್ಲಿ ನೋಡಿ. ಎಲ್ಲಾ ಫೋಟೋದಲ್ಲೂ ಮೂಲೇಲಿ ಒಂದು ಹೆಬ್ಬೆರಳು ಅಡ್ಡ ಬಂದಿದೆ. ಹೆಬ್ಬೆರಳಿನ ತುದಿ ಕಪ್ಪು. ನಮ್ಮ ಬೀದೀಲಿ ಹೆಬ್ಬೆರಳು ಕಪ್ಪಾಗಿರೋ ಗಂಡಸು ಯಾರು?"

ವರ್ಷಾನುಗಟ್ಟಲೆ ಮುದ್ರೆಯ ಮಸಿ ಕುಡಿದು ಭಾವನ ಹೆಬ್ಬೆರಳು ಇದ್ದಿಲಿನ ಬಣ್ಣಕ್ಕೆ ತಿರುಗಿತ್ತು. ನರ್ಸಮ್ಮ, "ಅಷ್ಟು ಸಾಧು ಮನುಷ್ಯ! ನನ್ನ ಸರ್ವೀಸಿನಲ್ಲೇ ಕಂಡಿಲ್ಲಪ್ಪ" ಎಂದು ತಲೆ ಚಚ್ಚಿಕೊಂಡರು. ಬೀದಿಗೆಲ್ಲಾ ಹೇಳಬೇಡಿ ಎಂದು ನಾನು ಕೈ ಮುಗಿದೆ. ಬೀದಿಗೆ ಹೇಳಲಿಲ್ಲ, ಮಾತು ಉಳಿಸಿಕೊಂಡರು. ಭಾವನ ಒಡಹುಟ್ಟಿದ ಅಕ್ಕನಿಗೆ ಮಾತ್ರ ಫೋನ್ ಮಾಡಿದರು.

ನಾನು ಓಡಿ ಭಾವನನ್ನು ಮಹಡಿಗೆ ಕರೆದೊಯ್ದು ವಿಷಯ ಹೇಳಿದೆ. ಅವರು ಕುಸಿದು ಕೂತರು.

"ಭಾವ, ಈಗಲೇ ಕೆಳಗೆ ಹೋಗಿ ನಿಜ ಹೇಳಿ. ಡ್ರೈವ್ ಹಾಕೇ ಇಲ್ಲ, ಡಿಸ್ಕು ಅಂಗಡೀದು ಅಂತ. ಮುಗಿದುಹೋಗುತ್ತೆ."

ಅವರು ಯೋಚಿಸಿದರು. ಇಬ್ಬರು ಹೆಂಡಿರ ಗಂಡ ಎನ್ನಿಸಿಕೊಳ್ಳುವುದು ಮೇಲೋ, ಮದರ್‌ಬೋರ್ಡ್ ಅರಿಯದವನು ಎನ್ನಿಸಿಕೊಳ್ಳುವುದು ಮೇಲೋ ಎಂದು ತೂಗುತ್ತಿದ್ದಾರೆಂದುಕೊಂಡು ನನಗೆ ಸಿಟ್ಟೇ ಬಂತು. ಸೀಟಿ ಕೊರಳಲ್ಲಿದ್ದಿದ್ದರೆ ಊದಿಬಿಡುತ್ತಿದ್ದೆ.

ಭಾವ ಮೆಲ್ಲಗೆ ಹೇಳಿದರು: "ಆ ಕಂಪ್ಯೂಟರ್ ಯಾಕೆ ಓಡ್ತಿದೆ ಅಂತ ನನಗೇ ಗೊತ್ತಿಲ್ಲ ಕಣಯ್ಯಾ. ಯಾವಾಗ ನಿಲ್ಲುತ್ತೋ ಅದೂ ಗೊತ್ತಿಲ್ಲ. ನಿಮ್ಮಕ್ಕ ಹೊಸ ಡ್ರೈವ್ ಇದೆ ಅಂತ ಧೈರ್ಯವಾಗಿದ್ದಾಳೆ. ಈಗ ಇಲ್ಲ ಅಂದ್ರೆ ನಾಳೆ ಅವಳ ಕೈ ಓಡಲ್ಲ. ಆ ಮೇಡಂ ಬಂದು ಹೋಗ್ಲಿ. ಅಲ್ಲೀತನಕ ನಾನು ಇಬ್ಬರು ಹೆಂಡಿರ ಗಂಡನಾಗೇ ಇರ್ತೀನಿ."

ನನ್ನ ಸಿಟ್ಟು ಇಳಿದುಹೋಯಿತು. ಈ ಮನುಷ್ಯನಿಗೆ ಅಕ್ಕನನ್ನು ಕೊಟ್ಟದ್ದು ತಪ್ಪಾಗಲಿಲ್ಲ ಎಂದು ಮೊದಲ ಸಲ ಮನಸಾರೆ ಅನ್ನಿಸಿತು.

ಅಕ್ಕನಿಗೆ ಸುದ್ದಿ ಮುಟ್ಟದಿರುತ್ತದೆಯೇ? ಮಾಸ್ಟರ ಹೆಂಡತಿ ಸಕ್ಕರೆ ಕೇಳುವ ನೆಪದಲ್ಲಿ ಬಂದು ಒಪ್ಪಿಸಿ ಹೋಗಿದ್ದರು. ಅಕ್ಕ ನನ್ನನ್ನು ಹಿತ್ತಿಲಿಗೆ ಕರೆದಳು. "ಇವರಿಗೆ ಎರಡನೇ ಸಂಸಾರವಂತೆ! ಇರೋ ಒಂದು ಸಂಸಾರದ ಗ್ಯಾಸ್ ಯಾವಾಗ ಮುಗೀತು ಅಂತ ಗೊತ್ತಿಲ್ಲ ಇವರಿಗೆ" ಎಂದು ನಕ್ಕಳು. "ಆದ್ರೆ ಏನೋ ಮುಚ್ಚಿಡ್ತಿದ್ದಾರೆ ಕಣೋ. ಹೆಂಗಸಲ್ಲ. ಬೇರೆ ಏನೋ. ನಾಳೆ ಒಂದು ದಿನ ಕಳೀಲಿ, ವಿಚಾರಿಸ್ಕೋತೀನಿ."

ಹೀಗೆ ಗಂಡ ಹೆಂಡತಿ ಇಬ್ಬರೂ ನಾಳೆ ಕಳೆಯಲಿ ಎಂದು ಕಾದರು. ನಾಳೆಗೆ ಮಾತ್ರ ಆ ವ್ಯವಧಾನ ಇರಲಿಲ್ಲ.

ಭಾನುವಾರ ಬೆಳಗ್ಗೆ ಮ್ಯಾನೇಜರಮ್ಮ ಹೇಳಿದ ಹೊತ್ತಿಗೆ ಸರಿಯಾಗಿ ಬಂದರು. ದಪ್ಪ ಚಪ್ಪಲಿ, ಕೈಯಲ್ಲಿ ಬಟ್ಟೆಯ ತುಂಡುಗಳ ಚೀಲ, ನಗು ಕಡಿಮೆ. ಒಳಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ, ಅವರು ಮಂಚದ ತುದಿಯಲ್ಲಿ. "ಮೊಲದ ಕಿವಿ ಒಂದು ಬಾಗ್ಲಿ. ಬಾಲ ಚಿಕ್ಕದಾಗ್ಲಿ. ಹೊಲಿಗೆ ಇಷ್ಟು ಒತ್ತೊತ್ತಾಗಿ ಬೇಡ, ಮಗೂಗೆ ಚುಚ್ಚುತ್ತೆ" ಎಂದು ಒಂದರ ಮೇಲೊಂದು ಹೇಳುತ್ತಿದ್ದರು. ಅಕ್ಕನ ಕೈ ಓಡುತ್ತಿತ್ತು, ಕಂಪ್ಯೂಟರೂ ಓಡುತ್ತಿತ್ತು. ಭಾವ ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದರು.

ಅಷ್ಟರಲ್ಲಿ ಭಾವನ ಅಕ್ಕ ಬಂದರು. ನಾವೆಲ್ಲಾ ಅವರನ್ನು ದೊಡ್ಡಮ್ಮ ಎನ್ನುತ್ತೇವೆ. ಬಟ್ಟೆಯ ಬ್ಯಾಗಿನೊಂದಿಗೆ, ಅಳುವುದನ್ನು ದಾರಿಯಲ್ಲೇ ಶುರುಮಾಡಿಕೊಂಡು ಬಂದಿದ್ದರು. ಹಿಂದೆಯೇ ಸ್ಟೇಷನ್ ಮಾಸ್ಟರು, ನರ್ಸಮ್ಮ.

"ಏನೋ, ನಮ್ಮ ವಂಶದಲ್ಲೇ ಇಲ್ಲದ್ದು ಮಾಡಿದ್ಯಲ್ಲೋ!"

"ಅಕ್ಕಾ, ಮೆಲ್ಲಗೆ. ಒಳಗೆ ಮೇಡಂ ಇದ್ದಾರೆ" ಎಂದು ಭಾವ ಗೋಗರೆದರು.

"ಅಯ್ಯೋ! ಮೂರನೆಯವಳೂ ಇದ್ದಾಳೇನೋ?"

ನಾನು ಒಳಕೋಣೆಯ ಬಾಗಿಲು ಎಳೆದುಕೊಳ್ಳಲು ಹೋದೆ. ಅದಕ್ಕೆ ಬೀರು ಅಡ್ಡ. ಆಗಲೇ ಬೆಲ್ಲಾಯಿತು. ನಾನು ಬಾಗಿಲು ತೆಗೆದವನು ಹಾಗೇ ನಿಂತೆ. ಟೀವಿಯಲ್ಲಿ ಕಂಡ ಹೆಂಗಸು, ಟೀವಿಯಲ್ಲಿ ಕಂಡ ಇಬ್ಬರು ಮಕ್ಕಳ ಜತೆ, ಹೊಸ್ತಿಲಲ್ಲಿ.

"ಎಲ್ರೀ ಅವರು?" ಎಂದಳು ಆಕೆ ಸೊಂಟಕ್ಕೆ ಕೈಯಿಟ್ಟು. "ನನ್ನ ಮಕ್ಕಳ ಫೋಟೋ ಒಂದು ಬಿಡದ ಹಾಗೆ ಅವರ ಹತ್ರ ಇವೆ. ಇವತ್ತು ಇತ್ಯರ್ಥ ಆಗ್ಲೇಬೇಕು!"

ದೊಡ್ಡಮ್ಮ ಸೋಫಾದ ಮೇಲೆ ಬಿದ್ದರು. ನರ್ಸಮ್ಮ ನಾಡಿ ಹಿಡಿದರು. ಮಾಸ್ಟರು, "ಗಾಡಿ ಪ್ಲಾಟ್‌ಫಾರ್ಮಿಗೇ ಬಂತಲ್ಲಪ್ಪಾ!" ಎಂದರು. ಬಿದ್ದ ದೊಡ್ಡಮ್ಮ ಒಂದು ಕಣ್ಣು ಬಿಟ್ಟು ಚಿಕ್ಕ ಮಗುವನ್ನು ನೋಡಿ, "ಬಾರೋ ಕಂದಾ, ನೀನೇನು ತಪ್ಪು ಮಾಡಿದ್ದೀಯ" ಎಂದು ಬರಸೆಳೆದು, "ಮೂಗು ನೋಡಿ! ನಮ್ಮಪ್ಪನದೇ ಮೂಗು!" ಎಂದು ಮತ್ತೆ ಗೊಳೋ ಎಂದರು.

ಆಗ ಸ್ಕೂಟರ್ ನಿಲ್ಲಿಸಿ ರಿಪೇರಿ ಅಂಗಡಿಯಣ್ಣ ಓಡಿ ಬಂದ. "ಸಾರ್, ನನ್ನ ಡಿಸ್ಕು ಸಾರ್! ಪೆಟ್ಟಿಗೇದು ಬಿಟ್ಟು ಮೇಜಿನ ಮೇಲಿದ್ದ ನಮ್ಮನೇದು ತಂದಿದ್ದೀರ. ಇವಳು ನನಗೆ ಎರಡು ದಿನದಿಂದ ಊಟ ಹಾಕಿಲ್ಲ!"

"ನೀವು ಯಾರು?" ಎಂದರು ಮಾಸ್ಟರು ವಿಚಾರಣೆಯ ಧಾಟಿಯಲ್ಲಿ.

"ಇವಳ ಗಂಡ."

ದೊಡ್ಡಮ್ಮ ಮರುಕದಿಂದ ಅವನನ್ನು ನೋಡಿ, "ಪಾಪ, ಇವನಿಗೂ ಗೊತ್ತಿಲ್ಲ" ಎಂದರು.

ಮಾಸ್ಟರು ಮಾತ್ರ ಅವನ ಹೆಬ್ಬೆರಳನ್ನು ನೋಡುತ್ತಿದ್ದರು. ದಿನವೆಲ್ಲಾ ಬೆಸುಗೆ ಹಾಕಿ, ಗ್ರೀಸು ಒರೆಸಿ ಕಪ್ಪಾದ ಹೆಬ್ಬೆರಳು. ಅದನ್ನು ಹಿಡಿದು ಬೆಳಕಿಗೆ ಎತ್ತಿ, "ಇದೇ!" ಎಂದು ಕೂಗಿದರು. ಎಲ್ಲರೂ ಭಾವನ ಕಡೆ ತಿರುಗಿದರು. ಒಳಕೋಣೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಅವಳ ಹಿಂದೆ ಮ್ಯಾನೇಜರಮ್ಮ.

"ಅಂಗಡಿ ಡಿಸ್ಕು ಮಾಸ್ಟರಿಗೆ ಕೊಟ್ರಾ? ಹಾಗಾದ್ರೆ ನಮ್ಮ ಹಳೇದು ಎಲ್ಲಿ?" ಎಂದಳು ಅಕ್ಕ.

ಇನ್ನು ಭಾವನಿಗೆ ಹೋಗಲು ದಾರಿಯಿರಲಿಲ್ಲ. ಜೇಬಿನಿಂದ ಕನ್ನಡಕದ ಡಬ್ಬಿ ತೆಗೆದರು, ಮುಚ್ಚಳ ತೆರೆದು ಟೀಪಾಯಿಯ ಮೇಲಿಟ್ಟರು. ಸೆಕೆಂಡಿಗೆ ಏಳು ಸಾವಿರ ಓಡುವ ಡ್ರೈವು ಕನ್ನಡಕ ಒರೆಸುವ ಬಟ್ಟೆಯ ಮೇಲೆ ಹಾಯಾಗಿ ಮಲಗಿತ್ತು.

"ಇದು ನಮ್ಮ ಬೋರ್ಡಿಗೆ ಕೂರಲ್ಲ ಕಣೇ. ಒಳಗಿರೋದು ಹಳೇದೇ" ಎಂದರು.

"ಹಳೇದಾದ್ರೆ ಇಷ್ಟು ಬೇಗ ಹೇಗೆ ಓಡ್ತಿದೆ?"

"ನಂಗೊತ್ತಿಲ್ಲ."

ಇಷ್ಟು ಚಿಕ್ಕ ಮಾತನ್ನು ಹೇಳಲು ಅವರಿಗೆ ವಾರ ಹಿಡಿದಿತ್ತು. ಯಾರೂ ನಗಲಿಲ್ಲ. ಅಂಗಡಿಯಣ್ಣ, "ನೋಡೇಬಿಡೋಣ" ಎಂದು ಒಳಗೆ ನುಗ್ಗಿದ. ಮ್ಯಾನೇಜರಮ್ಮ ಅಡ್ಡ ನಿಂತರು. "ಆಫ್ ಮಾಡ್ಬೇಡಿ. ಕಿವಿ ಇನ್ನೂ ಮುಗಿದಿಲ್ಲ."

ಆಫ್ ಮಾಡದೆಯೇ ಅವನು ಪಕ್ಕದ ತಗಡು ಸರಿಸಿ ಇಣುಕಿದ. "ಓಹೋ! ಧೂಳೆಲ್ಲಾ ಹೋಗಿದೆ, ಫ್ಯಾನ್ ಸರಿಯಾಗಿ ತಿರುಗ್ತಿದೆ. ಅದಿರ್ಲಿ, ಡಿಸ್ಕನ್ನ ಬಿಳಿ ಸಾಕೆಟ್ಟಿಗೆ ಹಾಕಿದ್ದೀರಲ್ಲ! ಈ ಬೋರ್ಡಲ್ಲಿ ನೀಲಿ ನಿಧಾನ, ಬಿಳಿ ಅದರ ಎರಡರಷ್ಟು ವೇಗ. ಡಿಸ್ಕು ಮೊದಲಿಂದ್ಲೂ ಓಡೋಕೆ ರೆಡಿ ಇತ್ತು, ದಾರಿ ಇರಲಿಲ್ಲ ಅಷ್ಟೆ. ಏಳು ಸಾವಿರ ಏನೂ ಇಲ್ಲ, ಈ ಕೆಲಸಕ್ಕೆ ಇದು ಧಾರಾಳ." ತಲೆ ಹೊರಗೆ ತೆಗೆದು ತಿರಸ್ಕಾರದಿಂದ ಕೇಳಿದ, "ಇಷ್ಟು ವರ್ಷ ಇದನ್ನ ನೀಲಿಗೆ ಹಾಕಿಟ್ಟಿದ್ದ ಕತ್ತೆ ಯಾರು?"

ಎಲ್ಲರೂ ಅಕ್ಕನ ಮುಖ ನೋಡಿದರು.

"ನೀವೇ ಅಣ್ಣಾ" ಎಂದಳು ಅಕ್ಕ.

ಅವನ ಹೆಂಡತಿ ಮೊದಲು ನಕ್ಕಳು. ಆಮೇಲೆ ನರ್ಸಮ್ಮ, ಮಾಸ್ಟರು, ಕಾರಣ ತಿಳಿಯದ ದೊಡ್ಡಮ್ಮ, ಕೊನೆಗೆ ಸ್ವತಃ ಅವನೇ. ಮಾಸ್ಟರು ಡಿಸ್ಕು ತಂದೊಪ್ಪಿಸಿದರು. ಆ ತಾಯಿ ಅದನ್ನು ಎದೆಗೆ ಒತ್ತಿಕೊಂಡು, "ಇವರಿಬ್ಬರೂ ಹುಟ್ಟಿದಾಗಿನಿಂದ ಇರೋ ಫೋಟೋ ಕಣ್ರೀ ಇದರಲ್ಲಿ. ಹೋಯ್ತು ಅಂತಲೇ ಅಂದ್ಕೊಂಡಿದ್ದೆ" ಎಂದು ಕಣ್ಣೊರೆಸಿಕೊಂಡಳು. ದೊಡ್ಡಮ್ಮ ಮಗುವನ್ನು ಬಿಡಲು ಒಪ್ಪಲಿಲ್ಲ. ಮೂಗು ತಮ್ಮಪ್ಪನದೇ ಎಂಬ ಅಭಿಪ್ರಾಯವನ್ನು ಅವರು ಇಂದಿಗೂ ಬದಲಾಯಿಸಿಲ್ಲ.

ಈ ಗದ್ದಲದಲ್ಲಿ ಅಕ್ಕ ಯಾವಾಗ ಒಳಗೆ ಹೋಗಿ ಕೂತಳೋ ಯಾರೂ ಗಮನಿಸಲಿಲ್ಲ. ಮ್ಯಾನೇಜರಮ್ಮ ಪರದೆಯನ್ನು ನೋಡುತ್ತ ನಿಂತಿದ್ದರು. ಮೊಲದ ಕಿವಿ ಬಾಗಿತ್ತು, ಬಾಲ ಚಿಕ್ಕದಾಗಿತ್ತು, ಹೊಲಿಗೆ ಎಲ್ಲಿಯೂ ಒತ್ತಾಗಿರಲಿಲ್ಲ. ಅವರು ಚೀಲ ಹೆಗಲಿಗೇರಿಸಿದರು. ಭಾವನ ಮುಖ ಬಿಳಿಚಿತು.

"ಮೇಡಂ, ತಪ್ಪೆಲ್ಲಾ ನಂದು. ಅವಳು ಏನೂ ಮಾಡಿಲ್ಲ. ಕೆಲಸ ಚೆನ್ನಾಗಿ ಮಾಡ್ತಾಳೆ" ಎಂದು ಅವರ ಮುಂದೆ ಕೈ ಜೋಡಿಸಿದರು.

"ಅದನ್ನ ನೀವು ಹೇಳ್ಬೇಕೇನ್ರೀ?" ಎಂದರು ಮ್ಯಾನೇಜರಮ್ಮ. "ಇಬ್ಬರು ಅಳ್ತಿದ್ರು, ಒಬ್ಬರು ಬಿದ್ದಿದ್ರು, ಒಬ್ಬರು ಕಂಪ್ಯೂಟರ್ ಬಿಚ್ತಿದ್ರು. ಅದರ ಮಧ್ಯೆ ಇವರು ಮೊಲ ಮುಗಿಸಿದ್ದಾರೆ. ನಮ್ಮ ಫ್ಯಾಕ್ಟರೀಲಿ ಗಲಾಟೆ ಇದಕ್ಕಿಂತ ಸ್ವಲ್ಪ ಕಡಿಮೆ. ಇವರು ನಮಗೇ ಬೇಕು." ಅಕ್ಕನ ಕಡೆ ತಿರುಗಿ ಮೊದಲ ಸಲ ನಕ್ಕರು. "ನಾಳೆಯಿಂದ ಕೆಲಸ ಕಳಿಸ್ತೀನಮ್ಮ."

ಅಕ್ಕನಿಗೆ ಅಳು ನಗು ಒಟ್ಟಿಗೇ ಬಂದವು, ಮೊಲದ ಎರಡು ಕಿವಿಗಳ ಹಾಗೆ.

ಎಲ್ಲರೂ ಹೋದ ಮೇಲೆ ಅಕ್ಕ ಟೀಪಾಯಿಯ ಮೇಲಿದ್ದ ಡಬ್ಬಿಯನ್ನು ಕೈಗೆತ್ತಿಕೊಂಡಳು. "ಯಾಕ್ರೀ ಸುಳ್ಳು ಹೇಳಿದ್ರಿ?"

"ನೀನು ಅವತ್ತು ಚಪ್ಪಾಳೆ ತಟ್ಟಿ ನಕ್ಕೆ" ಎಂದರು ಭಾವ. "ಅಷ್ಟು ನಗ್ತೀಯ ಅಂತಾನೇ ನನಗೆ ಮರೆತು ಹೋಗಿತ್ತು. ಅದನ್ನ ಕೆಡಿಸೋಕೆ ನನ್ನಿಂದ ಆಗ್ಲಿಲ್ಲ ಕಣೇ."

ಅಕ್ಕ ಭಾವನ ಜೇಬಿನಿಂದ ಮುರಿದ ಕನ್ನಡಕ ತೆಗೆದು, ಹೊರಬಿದ್ದ ಗಾಜನ್ನು ಸೆರಗಿನಲ್ಲಿ ಒರೆಸಿ ಒಳಗೆ ಕೂರಿಸಿ, ಕಾಲಿಗೆ ಸೂಜಿ ದಾರದಿಂದ ಎರಡು ಸುತ್ತು ಬಿಗಿದು ಅವರ ಮೂಗಿನ ಮೇಲೆ ಇಟ್ಟಳು. "ಇನ್ನು ಮೇಲೆ ಕೊಳ್ಳೋ ಮುಂಚೆ ಕೇಳಿ" ಎಂದಳು. "ಡ್ರೈವ್ ಇರ್ಲಿ. ಕೋಣೆ ಹಿಡಿದ ಮೇಲೆ ಅದಕ್ಕೆ ಒಪ್ಪೋ ಬೋರ್ಡು ನಾನೇ ತರ್ತೀನಿ. ಲಾಳ ಹೇಗೂ ಇದೆಯಲ್ಲ, ಕುದುರೆ ಕೊಂಡ್ರಾಯ್ತು."

ಭಾವ ಸೋಮವಾರ ಸಾಹೇಬರ ಮುಂದೆ ನಿಂತು, ತಮಗೆ ಕಂಪ್ಯೂಟರಿನ ಬಗ್ಗೆ ಏನೂ ತಿಳಿಯದೆಂದೂ, ಧೂಳು ಒರೆಸಲು ಮತ್ತು ಬಿಳಿ ಸಾಕೆಟ್ಟು ಇದೆಯೋ ಎಂದು ನೋಡಲು ಮಾತ್ರ ಬರುತ್ತದೆಂದೂ ಹೇಳಿದರಂತೆ. "ಇಲ್ಲಿ ಯಾರೂ ಅಷ್ಟೂ ಮಾಡಿಲ್ಲ, ಶುರು ಮಾಡ್ರೀ" ಎಂದರಂತೆ ಸಾಹೇಬರು. ಈಗ ಭಾವನ ಹೆಬ್ಬೆರಳಿನಲ್ಲಿ ಮಸಿಯ ಮೇಲೆ ಧೂಳು.

ಅಕ್ಕನಿಗೆ ಕೋಣೆ ಸಿಕ್ಕಿತು. ಕಿಟಕಿ ಬೀದಿಯ ಕಡೆಗೇ ಇದೆ. ಹೊಸ ಬೋರ್ಡು ತಂದ ದಿನ, ಅದರ ಮೇಲೆ ಡ್ರೈವಿಗೆ ಹೇಳಿ ಮಾಡಿಸಿದಂಥ ಸ್ಲಾಟು ಇರುವುದನ್ನು ಭಾವ ದಾರ ಬಿಗಿದ ಕನ್ನಡಕದಲ್ಲಿ ಮೂರು ಸಲ ನೋಡಿದರು. ಡ್ರೈವನ್ನು ಇಟ್ಟರು. ಟಕ್ ಎಂದು ಕೂತಿತು. ಅಕ್ಕ ಚಪ್ಪಾಳೆ ತಟ್ಟಿ ತಟ್ಟಿ ನಕ್ಕಳು.

ಆಗ ಹೊಸ ಕಿಟಕಿಯಲ್ಲಿ ಪರಿಚಿತ ತಲೆಯೊಂದು ಕಾಣಿಸಿತು.

"ಸಂತೋಷ" ಎಂದರು ಸ್ಟೇಷನ್ ಮಾಸ್ಟರು. "ಹಾಗಾದ್ರೆ ಹಳೇ ಕಂಪ್ಯೂಟರು ಏನು ಮಾಡ್ತೀರಿ?"

ಭಾವ ಹಳೆಯ ಡಬ್ಬದ ಮೇಲೆ ಕೈಯಿಟ್ಟರು. ಎದೆ ಮತ್ತೆ ಒಂದು ಗೇಣು ಮುಂದೆ ಬಂತು. ಈ ಸಲ ಅದಕ್ಕೆ ಕಾರಣವಿತ್ತು.

"ಕ್ಷಮಿಸಿ ಯಜಮಾನ್ರೇ, ಇದನ್ನ ಮಾತ್ರ ಕೊಡಲ್ಲ" ಎಂದರು. "ಇದು ನಾನು ಸರಿ ಮಾಡಿದ್ದು."